ಡುಮ್ಮಣ್ಣನ ದಾರ

ಸೆಪ್ಟೆಂಬರ್ 4

ಅಕ್ಕಾ,

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಏನೋ ಸಣ್ಣದು, ಗಟ್ಟಿಯಾದದ್ದು ನೆಲಕ್ಕೆ ಬಿದ್ದು, ಉರುಳುತ್ತ ಹೋಗಿ ಗೋಡೆಗೆ ಟಕ್ ಎಂದು ತಾಗಿದ ಸದ್ದಿಗೆ ಎಚ್ಚರವಾಯಿತು. ಕಣ್ಣು ಬಿಡುವ ಮೊದಲೇ ನನ್ನ ಕೈ ಮಗಳ ಎದೆಯ ಮೇಲಿತ್ತು. ಉಸಿರಾಡುತ್ತಿದ್ದಳು. ಆಮೇಲೆ ಮಂಚದ ಕೆಳಗೆ ತೂರಿ ನೋಡಿದರೆ ಹಾಲಿನ ಬಾಟಲಿಯ ಮುಚ್ಚಳ. ನನಗೆ ಮಾತ್ರ ನಮ್ಮ ನೀಲಿ ಗೊಂಬೆ ಡುಮ್ಮಣ್ಣನೇ ಬಿದ್ದು ಒಡೆದ ಅನ್ನಿಸಿತ್ತು. ಅವನು ಇಲ್ಲಿಂದ ಎರಡು ಮೈಲಿ ದೂರದ ಮ್ಯೂಸಿಯಂನಲ್ಲಿ, ಬೀಗ ಹಾಕಿದ ಕಪಾಟಿನೊಳಗೆ, ಹತ್ತಿಯ ಮೇಲೆ ಹಾಯಾಗಿ ಮಲಗಿದ್ದಾನೆ ಎಂದು ಗೊತ್ತಿದ್ದರೂ.

ರಾತ್ರಿ ನಿದ್ದೆಯಿಲ್ಲದವಳಿಗೆ ಹಗಲು ಸಿಕ್ಕ ಇಪ್ಪತ್ತು ನಿಮಿಷವೂ ಹೀಗೆ ಹೋಯಿತು. ಅತ್ತೆ ಬಾಗಿಲಲ್ಲಿ ನಿಂತು, "ಮಗು ಪಾಡಿಗೆ ಮಗು ಉಸಿರಾಡ್ತಾ ಇದೆ ಕಣೇ. ನೀನು ಹೀಗೆ ಪರೀಕ್ಷೆ ಮೇಲ್ವಿಚಾರಕರ ಥರ ತಲೆ ಮೇಲೇ ನಿಂತ್ರೆ ಅದಕ್ಕೇ ಗಾಬರಿಯಾಗುತ್ತೆ" ಅಂದರು. ನಗು ಬಂತು. ಅದರ ಹಿಂದೆಯೇ ಅಳುವೂ.

ನೀನು ಡುಮ್ಮಣ್ಣನ ಬಗ್ಗೆ ಪ್ರಬಂಧ ಬರೆಯುತ್ತಿದ್ದೀಯ ಎಂದು ಮ್ಯೂಸಿಯಂನ ಮೇಡಂ ಹೇಳಿದರು. ನೀನು ಹೇಳಲಿಲ್ಲ. ಫೋನಿನಲ್ಲಾಗಿದ್ದರೆ ಮಾತಿನ ಮಧ್ಯೆ ಬಂದುಬಿಡುತ್ತಿತ್ತೇನೋ. ಆದರೆ ನಮ್ಮಿಬ್ಬರ ನಡುವೆ ಫೋನು ನಿಂತು ಏಳು ವರ್ಷ. "ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಆ ಸಂಜೆಯೇ ಕೇಳುತ್ತದೆ. ಬರಿ, ಓದುತ್ತೇನೆ" ಎಂದು ನಿನ್ನ ಮಗಳು ಗುಬ್ಬಿ ತೀರಿಕೊಂಡ ತಿಂಗಳಲ್ಲಿ ನೀನು ಕಳಿಸಿದ ಚೀಟಿ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಅದಕ್ಕೇ ಬರೆಯುತ್ತೇನೆ.

ಪ್ರಬಂಧದಲ್ಲಿ ನನ್ನ ವರದಿಯನ್ನು ಬಳಸುತ್ತಿದ್ದೀಯಾ? ನೀನು ಅಗೆದು ಕಳಿಸಿದ ಮಣ್ಣಿನ ಹೆಂಟೆಯಿಂದ ಅವನನ್ನು ಬಿಡಿಸಿ ಶುಚಿ ಮಾಡಿದಾಗ ನನಗೆ ಎಂಟು ತಿಂಗಳು ತುಂಬಿತ್ತು. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಅಂಥ ಸಮಯದ ವರದಿ. ಬೇರೆ ಯಾರಾದರೂ ಇನ್ನೊಮ್ಮೆ ನೋಡುವುದು ಒಳ್ಳೆಯದು ಅನ್ನಿಸುತ್ತದೆ.

ಮಗಳಿಗೆ ಮೂರು ತಿಂಗಳಾಯಿತು. ನೀನು ಇನ್ನೂ ನೋಡಿಲ್ಲ. ಬಾ ಎಂದು ಒತ್ತಾಯ ಮಾಡುತ್ತಿಲ್ಲ. ನೋಡಿಲ್ಲ ಅಂತ ಅಷ್ಟೇ.

ನಿನ್ನ ತಂಗಿ


ಸೆಪ್ಟೆಂಬರ್ 10

ಪೆದ್ದೀ,

ಮುಚ್ಚಳ ಬಿದ್ದರೆ ಮ್ಯೂಸಿಯಂ ಬಿತ್ತು ಅನ್ನುವವಳು ನೀನೊಬ್ಬಳೇ. ನಿಮ್ಮತ್ತೆಗೆ ನನ್ನ ಪರವಾಗಿ ಒಂದು ಕೈ ಮುಗಿ.

ಮೊದಲೇ ಹೇಳದೆ ಇದ್ದದ್ದು ನಿಜ. ಬರೆದು ಮುಗಿಸಿ ತೋರಿಸೋಣ ಅಂದುಕೊಂಡಿದ್ದೆ. ಕೇಳು. ಹಲ್ಲು ನೋಡಿದರೆ ಆ ಸಮಾಧಿಯ ಮಗುವಿಗೆ ಎರಡು ವರ್ಷ ಇದ್ದಿರಬೇಕು. ಜೊತೆಗೆ ಒಂದು ಮಡಕೆಯಿಲ್ಲ, ಒಂದು ಬಳೆಯಿಲ್ಲ. ಎಡಗೈಯ ಮೂಳೆಗಳ ನಡುವೆ ಡುಮ್ಮಣ್ಣ ಒಬ್ಬನೇ. ಹೆಬ್ಬೆರಳಿನ ಉಗುರಿನಷ್ಟು ನೀಲಿ ಕುಳ್ಳ, ಎರಡೂ ಕೈ ಹೊಟ್ಟೆಯ ಮೇಲೆ. ಅಂಥ ನೀಲಿಯನ್ನು ಆಗ ಈ ನೆಲದಲ್ಲಿ ಯಾರೂ ಮಾಡುತ್ತಿರಲಿಲ್ಲ. ಕಡಲಾಚೆಯಿಂದ ಹಡಗು ಹತ್ತಿ ಬಂದವನು. ಮಕ್ಕಳನ್ನು ಕಾಯಲಿ ಎಂದು ಅಲ್ಲಿನವರು ಕೊರಳಿಗೆ ಕಟ್ಟುತ್ತಿದ್ದ ತಾಯಿತ. ಆದರೆ ಇಲ್ಲಿ ಅದು ಕೊರಳಲ್ಲಿಲ್ಲ, ಕೈಯಲ್ಲಿದೆ. ಬೆನ್ನಿನಲ್ಲಿ ದಾರ ಪೋಣಿಸಲು ಇರುವ ರಂಧ್ರದ ಬಗ್ಗೆ ನಿನ್ನ ವರದಿ ಹೇಳುತ್ತದೆ: "ರಂಧ್ರದೊಳಗೆ: ಏನೂ ಇಲ್ಲ." ಒಂದು ಎಳೆಯ ಪುಡಿಯೂ ಇಲ್ಲ. ದಾರವನ್ನೇ ಪೋಣಿಸಿರಲಿಲ್ಲ ಅಂದಮೇಲೆ, ಬದುಕಿದ್ದಾಗ ಆ ಮಗು ಅದನ್ನು ಹಾಕಿಕೊಂಡಿರಲಿಲ್ಲ. ಹೊಟ್ಟೆಯ ಮೇಲೆ ನೀಲಿ ಸವೆದಿದೆ ನಿಜ, ಅದು ಹಡಗಿನಲ್ಲಿ ಕೈಯಿಂದ ಕೈಗೆ ಬಂದ ಸವೆತ.

ಯಾರೋ ದೂರ ಹೋಗಿದ್ದರು. ಮಗುವಿಗೆಂದು ತಂದರು. ತಡವಾಗಿ ತಂದರು.

ಗುಬ್ಬಿಗೆಂದು ನಾನು ಅಗೆತದ ಊರಿನಿಂದ ತಂದ ಮರದ ಹಕ್ಕಿ ನಿನಗೆ ನೆನಪಿರಬೇಕು. ಮಣ್ಣು ಮಾಡುವ ಮುನ್ನ ಅದನ್ನು ಅವಳ ಪಕ್ಕ ಇಡುವಾಗ, ರೆಕ್ಕೆಗೆ ಅಂಟಿಸಿದ್ದ ಅಂಗಡಿಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ಅವಳು ಒಂದು ಸಲವೂ ಮುಟ್ಟದ ಆಟಿಕೆ. ಇಂಥ ತಾಯಿ ಪ್ರಪಂಚದಲ್ಲಿ ನಾನೊಬ್ಬಳೇ ಎಂದು ಏಳು ವರ್ಷ ಅಂದುಕೊಂಡಿದ್ದೆ. ಈಗ ಇನ್ನೊಬ್ಬಳು ಸಿಕ್ಕಿದ್ದಾಳೆ, ಮೂರು ಸಾವಿರ ವರ್ಷ ಹಿಂದಿನವಳು. ನಗಬೇಡ. ಅವಳು ಸಿಕ್ಕಮೇಲೆ ನನಗೆ ನಿದ್ದೆ ಬರುತ್ತಿದೆ.

ಇಲ್ಲಿ ಚಳಿ ಶುರುವಾಗಿದೆ. ನನ್ನ ಬೂದು ಸ್ವೆಟರು, ಮರದ ಗುಂಡಿಗಳದ್ದು, ಅಲ್ಲೆಲ್ಲಾದರೂ ಇದೆಯಾ? ಎಲ್ಲಿ ಬಿಟ್ಟೆನೋ ಇಷ್ಟು ವರ್ಷವಾದರೂ ತಿಳಿಯಲಿಲ್ಲ.

ಮಗುವನ್ನು ನೋಡಲು ಬರುತ್ತೇನೆ. ಈಗಲೇ ಅಲ್ಲ.

ಅಕ್ಕ


ಸೆಪ್ಟೆಂಬರ್ 17

ಅಕ್ಕಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. "ನಿದ್ದೆ ಬರುತ್ತಿದೆ" ಅನ್ನುವ ಸಾಲನ್ನು ಐದನೆಯ ಸಲ.

ನಿನ್ನ ವಾದ ಚೆನ್ನಾಗಿದೆ. ಓದಿದವರು ಕಣ್ಣೊರೆಸಿಕೊಳ್ಳುತ್ತಾರೆ. ಒಂದೇ ಮಾತು ಕೇಳಲೇ? ದಾರ ಇದ್ದು ಮಣ್ಣಿನಲ್ಲಿ ಪೂರ್ತಿ ಕರಗಿಹೋಗಿರಬಹುದಲ್ಲ? ರಂಧ್ರ ಖಾಲಿ ಇದ್ದ ಮಾತ್ರಕ್ಕೆ ದಾರ ಇರಲೇ ಇಲ್ಲ ಅನ್ನಬಹುದೇ? ಸುಮ್ಮನೆ ಕೇಳಿದೆ. ಹೆರಿಗೆ ರಜೆ ಹಾಕಿ ನಾಲ್ಕು ತಿಂಗಳಾಯಿತು, ಬುದ್ಧಿಯೆಲ್ಲ ಹಾಲು ಕುಡಿಸುವುದರಲ್ಲೇ ಕರಗಿದೆ.

ಸ್ವೆಟರು ಕಾಣಲಿಲ್ಲ. ಇನ್ನೊಮ್ಮೆ ಹುಡುಕುತ್ತೇನೆ.

ಇಲ್ಲಿ ವಿಶೇಷವೇನಿಲ್ಲ. ಮಗಳ ತಲೆ ಬೆಳೆದು ಕುಲಾವಿಯ ಲಾಡಿ ಗದ್ದಕ್ಕೆ ಬಾರದಾಯಿತು. ಒಂದು ತುಂಡು ರಿಬ್ಬನ್ ಗಂಟು ಹಾಕಿ ಉದ್ದ ಮಾಡಿದೆ. "ಅಪ್ಪ ಅಮ್ಮ ಇಬ್ರೂ ದುಡೀತೀರಿ, ಒಂದು ಹೊಸ ಕುಲಾವಿ ತರೋಕ್ಕಾಗಲ್ವೇ?" ಎಂದರು ಅತ್ತೆ. ಹೊಸದೂ ಇದೆ, ಮೂರು ಇವೆ. ಅದು ತಲೆಗೆ ಬಂದರೇ ಅವಳು ಮಲಗುವುದು, ಏನು ಮಾಡಲಿ? ಇವರಂತೂ ಶಾಲೆಯಿಂದ ಬಂದು, "ಇನ್ನೊಂದು ತಿಂಗಳಿಗೆ ಇನ್ನೊಂದು ಗಂಟು, ಮದುವೆ ಹೊತ್ತಿಗೆ ಹಗ್ಗ ಆಗುತ್ತೆ" ಎಂದು ನಗುತ್ತಾರೆ.

ತಂಗಿ


ಸೆಪ್ಟೆಂಬರ್ 23

ಪೆದ್ದೀ,

ದಾರ ಕೊಳೆತರೂ ರಂಧ್ರದೊಳಗೆ ಚಿಟಿಕೆ ಪುಡಿ ಉಳಿದೇ ಉಳಿಯುತ್ತದೆ, ಅದನ್ನು ಸೂಜಿ ತಾಕಿಸುವ ಮೊದಲು ಗಾಜಿನ ಶೀಶೆಗೆ ಹಿಡಿಯಬೇಕು. ಇದನ್ನು ನನಗೆ ಕಲಿಸಿಕೊಟ್ಟವಳೇ ನೀನು! ಬೇರೆ ಯಾರಾದರೂ "ಏನೂ ಇಲ್ಲ" ಎಂದು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ. ಬರೆದದ್ದು ನೀನು. ಅದಕ್ಕೇ ಪ್ರಬಂಧದಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರನ್ನೂ ಹಾಕಿದ್ದೇನೆ. ಬೇಡ ಅನ್ನಬೇಡ.

ಅಕ್ಟೋಬರ್ 19ರ ಬೆಳಗ್ಗೆ ಹತ್ತಕ್ಕೆ ಸಭೆಯಲ್ಲಿ ಓದುತ್ತೇನೆ. ಪ್ರದರ್ಶನದ ಫಲಕವೂ ಅಂದೇ ತೆರೆಯುತ್ತದೆ. ಮೇಲಿನ ಸಾಲು: "ತಡವಾಗಿ ಬಂದ ಉಡುಗೊರೆ." ಹೇಗಿದೆ?

ಈಗ ಎಂಟು ಗಂಟೆ ನಿದ್ದೆ ಮಾಡುತ್ತಿದ್ದೇನೆ, ಗೊತ್ತಾ? ಕೂಲಿ ಮುಗಿಸಿ ಬಂದವರ ಹಾಗೆ.

ಅಕ್ಕ


ಅಕ್ಟೋಬರ್ 1

ಅಕ್ಕಾ,

ನನ್ನ ಹೆಸರು ತೆಗೆದುಬಿಡು. ದಯವಿಟ್ಟು.

ಈ ಕಾಗದವನ್ನು ಮೂರು ದಿನದಿಂದ ಬರೆದು ಹರಿಯುತ್ತಿದ್ದೇನೆ. ಆ ದಿನ ರಂಧ್ರದ ಬಾಯಿಯಲ್ಲಿ ಏನೋ ಎಳೆಯಂಥದ್ದು ಇತ್ತೇನೋ ಎಂದು ಈಗ ಅನುಮಾನ. ಹುಲ್ಲಿನ ಬೇರೂ ಇರಬಹುದು. ಕೆಲಸದ ದಣಿವಿನಲ್ಲಿ ಸರಿಯಾಗಿ ನೋಡಲಿಲ್ಲವೇನೋ. "ಏನೂ ಇಲ್ಲ" ಎಂಬ ಮಾತಿನ ಮೇಲೆ ಇಷ್ಟು ಭಾರ ಹೊರಿಸಬೇಡ. "ಖಚಿತವಿಲ್ಲ" ಎಂದು ತಿದ್ದಿಕೊಂಡರೆ ಸಾಕು. ಫಲಕದ ಸಾಲನ್ನೂ ಸ್ವಲ್ಪ ಮೆತ್ತಗೆ ಮಾಡಬಹುದಲ್ಲ?

ಮಗಳಿಗೆ ನಿನ್ನೆ ಮೈ ಬೆಚ್ಚಗಿತ್ತು. ಥರ್ಮಾಮೀಟರು ಏನೂ ಇಲ್ಲ ಅಂತು. ನನಗೆ ನಂಬಿಕೆ ಬರಲಿಲ್ಲ. ಒಂಬತ್ತು ಸಲ ನೋಡಿದೆ.

ತಂಗಿ


ಅಕ್ಟೋಬರ್ 8

ನಿನ್ನ ಪತ್ರ ಬಂತು.

"ಇತ್ತೇನೋ" ಅಂದರೇನು? "ಇರಬಹುದು" ಅಂದರೇನು? ಇದ್ದರೆ ವರದಿಯಲ್ಲಿ ಬರೆಯುತ್ತಿದ್ದೆ. ನಿನ್ನ ಕೈಯಿಂದ ನೂರಾರು ಮಣಿಗಳು ದಾಟಿವೆ, ಒಂದು ಬೇರಿಗೂ ದಾರಕ್ಕೂ ನೀನು ಮೋಸಹೋದದ್ದಿಲ್ಲ. ಈಗ ನಿದ್ದೆಗೆಟ್ಟು ಎಲ್ಲದರ ಮೇಲೂ ಅನುಮಾನ ಪಡುತ್ತಿದ್ದೀಯ. ಥರ್ಮಾಮೀಟರಿನ ಮೇಲೆ, ನಿನ್ನ ಮೇಲೆ, ಈಗ ನನ್ನ ಕೆಲಸದ ಮೇಲೆ.

ಒಂದು ಮಾತು ನೆನಪು ಮಾಡುತ್ತೇನೆ, ಇಷ್ಟು ವರ್ಷ ಎತ್ತಲಿಲ್ಲ. ಆ ಸಂಜೆ ಏಳಕ್ಕೆ ಗುಬ್ಬಿಯನ್ನು ವಿಚಾರಿಸಲು ನಾನು ಅಗೆತದ ಊರಿನಿಂದ ಫೋನ್ ಮಾಡಿದಾಗ ನೀನು, "ಜ್ವರ ಇಳಿದಿದೆ ಅಕ್ಕ, ಆಡ್ತಾ ಇದ್ದಾಳೆ" ಎಂದೆ. ಆಗ ಅದು ನಿಜವೇ ಆಗಿತ್ತು. ಆಮೇಲೆ ಏರಿದ್ದಕ್ಕೆ ನೀನು ಹೊಣೆಯಲ್ಲ. ನಿನ್ನ ಮೇಲೆ ನಾನು ಒಂದು ದಿನವೂ ಬೆರಳು ತೋರಿಸಲಿಲ್ಲ, ಏಕೆಂದರೆ ನೀನು ಕಂಡದ್ದನ್ನು ಕಂಡ ಹಾಗೆ ಹೇಳಿದ್ದೆ. ಅಂದು ಅಷ್ಟು ಸ್ಪಷ್ಟವಾಗಿ ಹೇಳಿದವಳು ಇಂದು ಒಂದು ರಂಧ್ರದ ವಿಷಯಕ್ಕೆ ಯಾಕೆ ತಡವರಿಸುತ್ತೀಯ?

ಬಾಣಂತಿಯ ಭಯಕ್ಕೆ ನನ್ನ ನಿದ್ದೆಯನ್ನು ಕೊಡಲಾರೆ. ಸಭೆ ಮುಗಿಯುವವರೆಗೆ ಬರೆಯಬೇಡ.

ಅಕ್ಕ


ಅಕ್ಟೋಬರ್ 18

ಅಕ್ಕಾ,

ಬರೆಯಬೇಡ ಅಂದಿದ್ದೆ. ಬರೆಯುತ್ತಿದ್ದೇನೆ. ಮಧ್ಯಾಹ್ನದಿಂದ ನಿನ್ನ ಫೋನಿಗೆ ಮೂರು ಸಲ ಕರೆ ಮಾಡಿದೆ, ಏಳು ವರ್ಷದಲ್ಲಿ ಮೊದಲ ಸಲ. ಮೂರು ಸಲವೂ ಕೊನೆಯವರೆಗೆ ಹೊಡೆದುಕೊಂಡು ನಿಂತಿತು. ನನ್ನ ಹೆಸರು ಕಂಡು ಮಗುಚಿಟ್ಟಿರುತ್ತೀಯ. ತಪ್ಪೇನಿಲ್ಲ.

ಎರಡೂವರೆಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ನಮ್ಮ ಮ್ಯೂಸಿಯಂನ ಫೋಟೋಗ್ರಾಫರ್, ನಾವೆಲ್ಲ ಲೆನ್ಸಪ್ಪ ಅನ್ನುವವರು. ಐದರ ರೈಲಿಗೆ ಫಲಕಗಳನ್ನು ತೆಗೆದುಕೊಂಡು ನಿನ್ನ ಸಭೆಯ ಊರಿಗೇ ಹೊರಟಿದ್ದರು. "ಬಾಣಂತಿ ನೋಡೋಕೆ ಹಣ್ಣು ತರ್ಬೇಕಿತ್ತು ಮೇಡಂ, ಮರೆತೆ. ಬದಲಿಗೆ ನಿಮ್ಮ ಹಳೇ ಸ್ನೇಹಿತನ್ನ ತಂದಿದೀನಿ" ಎಂದು ಲಕೋಟೆಯಿಂದ ಫೋಟೋ ತೆಗೆದರು. ಡುಮ್ಮಣ್ಣನ ಬೆನ್ನು. ಅಂಗೈಯಷ್ಟು ದೊಡ್ಡದಾಗಿ.

"ಇದು ಯಾವಾಗ ತೆಗೆದದ್ದು?" ಎಂದೆ.

"ನೀವು ಇನ್ನೂ ಬ್ರಷ್ ಮುಟ್ಟಿರ್ಲಿಲ್ಲ. ಮಣ್ಣಿನ ಹೆಂಟೆ ಮಗುಚಿ ಇಟ್ಟು ನೀರು ಕುಡಿಯೋಕೆ ಹೋಗಿದ್ರಿ. ಹೊಸ ಲೆನ್ಸ್ ಬಂದಿತ್ತಲ್ಲ, ಇವನ ಬೆನ್ನಿನ ಮೇಲೇ ಪರೀಕ್ಷೆ ಮಾಡ್ದೆ. ದಾಖಲೆಗೆ ಸೇರಿಸಿರ್ಲಿಲ್ಲ." ಆಮೇಲೆ ಕನ್ನಡಕ ಮೇಲೆತ್ತಿ ಬಗ್ಗಿ ನೋಡಿ, "ಇದೇನ್ರೀ ಇದು, ನಿಮ್ಮ ಕೂದಲು ಬಿದ್ದಿದೆಯಾ?" ಎಂದರು.

ಕೂದಲಲ್ಲ ಅಕ್ಕ. ದಾರ.

"ಇತ್ತೇನೋ" ಅಲ್ಲ. ಇತ್ತು. ನನಗೆ ಅಂದೇ ಗೊತ್ತಿತ್ತು. ಬೆನ್ನಿನ ಮಣ್ಣನ್ನೆಲ್ಲ ಬ್ರಷ್ಷಿನಿಂದ ಸವರಿ ತೆಗೆದಿದ್ದೆ, ಅದರ ಜೊತೆ ಎಷ್ಟು ಹೋಯಿತೋ ನೋಡಲಿಲ್ಲ. ಆಮೇಲೆ ಭೂತಗನ್ನಡಿ ಹಿಡಿದರೆ ರಂಧ್ರದ ಬಾಯಲ್ಲಿ ಕಂದು ತುಣುಕು, ಹುರಿ ಹಾಕಿದ ಎಳೆ. ಕೆಲಸ ನಿಲ್ಲಿಸಿ ಶೀಶೆ ತರಬೇಕಿತ್ತು. ಶೀಶೆಗಳಿದ್ದದ್ದು ಮೇಲಿನ ಮಹಡಿಯಲ್ಲಿ. ಕಾಲು ಊದಿತ್ತು, ಐದೂಮುಕ್ಕಾಲಾಗಿತ್ತು, ಒಳಗಿನಿಂದ ಇವಳು ಒದೆಯುತ್ತಿದ್ದಳು. ಒಂದು ಹನಿ ನೀರು ತಾಕಿಸಿ ಮೆತ್ತಗೆ ಮಾಡಿ ಅಲ್ಲೇ ಕಾಗದದ ಮೇಲೆ ಎತ್ತಿಕೊಳ್ಳೋಣ ಅಂದುಕೊಂಡೆ. ಹನಿ ಬಿದ್ದದ್ದೇ ತಡ, ಎಳೆ ಬೂದಿಯ ಹಾಗೆ ಬಿಚ್ಚಿಕೊಂಡು ತಟ್ಟೆಯ ನೀರಿಗೆ ಇಳಿಯಿತು. ಮೂರು ಸಾವಿರ ವರ್ಷ ಉಳಿದದ್ದು ನನ್ನ ಒಂದು ಹನಿಗೆ ಉಳಿಯಲಿಲ್ಲ. ತಟ್ಟೆಯನ್ನು ಸಿಂಕಿಗೆ ಬಗ್ಗಿಸಿ, ಕೈ ಒರೆಸಿಕೊಂಡು, "ರಂಧ್ರದೊಳಗೆ: ಏನೂ ಇಲ್ಲ" ಎಂದು ಬರೆದೆ. ಬರೆದ ಕ್ಷಣಕ್ಕೆ ಅದು ಸುಳ್ಳೂ ಆಗಿರಲಿಲ್ಲ. ಹೀಗೇ ನನಗೆ ನಾನು ಐದು ತಿಂಗಳಿಂದ ಹೇಳಿಕೊಂಡು ಬಂದೆ.

ಫೋಟೋದಲ್ಲಿ ನಾನು ಅಂದು ಕಾಣದ್ದೂ ಇದೆ. ರಂಧ್ರದಿಂದ ಹೊರಟ ದಾರ ಮಣ್ಣಿನ ಮೇಲೆ ಎರಡು ಬೆರಳಿನಷ್ಟು ಉದ್ದ ಮಲಗಿದೆ. ಅದರಲ್ಲಿ ಎರಡು ಗಂಟು. ಮೊದಲ ಎಳೆ ಸಪೂರ, ಗಂಟಿನಾಚೆಯದು ಸ್ವಲ್ಪ ದಪ್ಪ, ಎರಡನೆಯ ಗಂಟಿನಾಚೆಯದು ಬೇರೆಯೇ ಹುರಿ. ಲೆನ್ಸಪ್ಪ, "ದಾರ ಕಡಿದು ಕಡಿದು ಹೋಗಿತ್ತೇನೋ, ಗಂಟು ಹಾಕಿದಾರೆ" ಅಂದರು. ನಾನು ಎದ್ದು ಹೋಗಿ ಮಗಳ ಕುಲಾವಿ ತಂದು ಫೋಟೋದ ಪಕ್ಕ ಇಟ್ಟೆ. ಇವತ್ತಿಗೆ ಅದಕ್ಕೂ ಎರಡು ಗಂಟು. ಅವರು ಕುಲಾವಿ ನೋಡಿದರು, ಫೋಟೋ ನೋಡಿದರು, ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು. ಆಮೇಲೆ ನಗೆಚಾಟಿಕೆ ಮಾಡಲಿಲ್ಲ.

ಆ ಮಗುವಿನ ಕೊರಳು ಬೆಳೆಯುತ್ತಿತ್ತು ಅಕ್ಕ. ದಾರ ಬಿಗಿಯಾದಾಗೆಲ್ಲ ಯಾರೋ ಕೂತು ಇನ್ನಷ್ಟು ಎಳೆ ಸೇರಿಸಿದ್ದಾರೆ. ಒಮ್ಮೆ, ಇನ್ನೊಮ್ಮೆ. ಕೂಸಾಗಿದ್ದಾಗಲೇ ಕಟ್ಟಿದ್ದು ಅದು, ಎರಡು ವರ್ಷ ಅದರ ಮೈಮೇಲೇ ಇದ್ದದ್ದು. ಹೊಟ್ಟೆಯ ನೀಲಿ ಸವೆದದ್ದು ಹಡಗಿನಲ್ಲಲ್ಲ, ಆ ಮಗುವಿನ ಹೆಬ್ಬೆರಳಿಗೆ ಅಥವಾ ಒಸಡಿಗೆ. ಕೊನೆಗೆ ಕೊರಳಿಂದ ಬಿಚ್ಚಿ ಕೈಗೆ ಕೊಟ್ಟಿದ್ದಾರೆ, ಮಲಗುವಾಗ ಹಿಡಿದುಕೊಳ್ಳುತ್ತಿತ್ತು ಎಂದಿರಬೇಕು. ಅವನು ತಡವಾಗಿ ಬಂದವನಲ್ಲ.

ನಿನಗೆ ಸಿಕ್ಕಿದ್ದ ಜೊತೆಗಾತಿಯನ್ನು ಕಿತ್ತುಕೊಳ್ಳುತ್ತಿದ್ದೇನೆ ಎಂದು ಗೊತ್ತು. ನಿನ್ನ ಎಂಟು ಗಂಟೆಯ ನಿದ್ದೆಯನ್ನೂ. ಆದರೆ ನಿನ್ನ ಹಿಂದಿನ ಪತ್ರ ಓದಿದ ಮೇಲೆ ಇದೊಂದನ್ನೇ ಹೇಳಿ ನಿಲ್ಲಿಸಲು ಆಗುತ್ತಿಲ್ಲ.

"ಕಂಡದ್ದನ್ನು ಕಂಡ ಹಾಗೆ ಹೇಳಿದೆ" ಎಂದು ಬರೆದಿದ್ದೀಯ. ಹೇಳಲಿಲ್ಲ ಅಕ್ಕ. ಆ ಸಂಜೆ ಏಳಕ್ಕೆ ಗುಬ್ಬಿ ಆಡುತ್ತಿರಲಿಲ್ಲ. ಮಧ್ಯಾಹ್ನದಿಂದ ಕಣ್ಣು ಪೂರ್ತಿ ಬಿಟ್ಟಿರಲಿಲ್ಲ, ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ನನಗೆ ಹತ್ತೊಂಬತ್ತು ವರ್ಷ. "ನಾನು ನೋಡ್ಕೋತೀನಿ, ನೀನು ಹೋಗು, ಎಷ್ಟು ಸಲ ಹೇಳಲಿ" ಎಂದು ಜಂಬದಿಂದ ನಿನ್ನನ್ನು ಅಗೆತಕ್ಕೆ ಕಳಿಸಿದವಳು ನಾನು. ಎರಡೇ ದಿನಕ್ಕೆ, ಬಾ, ನನ್ನ ಕೈಲಾಗುತ್ತಿಲ್ಲ ಅನ್ನಲು ನಾಚಿಕೆಯಾಯಿತು. ಔಷಧಿ ಹಾಕಿದ್ದೇನೆ, ಒಂದು ಗಂಟೆಯಲ್ಲಿ ಇಳಿಯುತ್ತದೆ, ಇಳಿದಮೇಲೆ ಹೇಳಿದರೂ ಅದೇ ಮಾತು ತಾನೇ ಎಂದು ಮುಂಚೆಯೇ ಹೇಳಿಬಿಟ್ಟೆ. ನಿನಗೆ ಎಂಟಕ್ಕೆ ಕೊನೆಯ ಬಸ್ಸಿತ್ತು. ನನಗೆ ಗೊತ್ತಿತ್ತು. ಹತ್ತಿದ್ದರೆ ಹನ್ನೊಂದಕ್ಕೆ ಮನೆಯಲ್ಲಿರುತ್ತಿದ್ದೆ. ಅವಳು ಹೋದದ್ದು ಬೆಳಗಿನ ಜಾವ ನಾಲ್ಕಕ್ಕೆ.

ನೀನು ತಡವಾಗಿ ಬರಲಿಲ್ಲ. ನಾನು ಕರೆಯಲಿಲ್ಲ.

ಸ್ವೆಟರು ಹುಡುಕುತ್ತೇನೆ ಎಂದು ಬರೆದದ್ದೂ ಸುಳ್ಳು. ಅದು ಎಲ್ಲಿದೆ ಎಂದು ನನಗೆ ಏಳು ವರ್ಷದಿಂದ ಗೊತ್ತು. ನೀನು ಹೊರಟ ದಿನ ಬಾಗಿಲ ಹಿಂದಿನ ಗೂಟದಲ್ಲಿ ಬಿಟ್ಟುಹೋಗಿದ್ದೆ. ಗುಬ್ಬಿ ಅದನ್ನು ಎಳೆದುಕೊಂಡು ಬಂದು ಮೂರು ರಾತ್ರಿಯೂ ಅದರ ತೋಳನ್ನು ಕೆನ್ನೆಗೆ ಒತ್ತಿಕೊಂಡು ಮಲಗಿದಳು. ಕೆಳಗಿನ ಗುಂಡಿಯನ್ನು ಕಚ್ಚಿ ಕಚ್ಚಿ ಹಲ್ಲಿನ ಗುರುತು ಬಿದ್ದಿತ್ತು. ಕೊನೆಯಲ್ಲಿ ಬೆರಳು ಬಿಡಿಸಲು ನನ್ನಿಂದಾಗಲಿಲ್ಲ. ನೀನು ಬರುವ ಮೊದಲೇ ಅದನ್ನು ಅವಳ ಬೆನ್ನ ಕೆಳಗೆ ಮಡಿಸಿಟ್ಟು, ತೋಳನ್ನು ಕೈಯಲ್ಲೇ ಬಿಟ್ಟು, ಮೇಲಿಂದ ಬಿಳಿ ಬಟ್ಟೆ ಸುತ್ತಿದೆ. ಆಗಲೇ ಹೇಳಿದ್ದರೆ, ಯಾಕೆ ಹಿಡಿದುಕೊಂಡಿದ್ದಳು, ಎಷ್ಟು ಹೊತ್ತು ಅಮ್ಮ ಎಂದಳು ಎಂದು ನೀನು ಕೇಳುತ್ತಿದ್ದೆ. ಆ ಪ್ರಶ್ನೆಗೆ ಹೆದರಿ ಸ್ವೆಟರನ್ನೂ ಬಚ್ಚಿಟ್ಟೆ. ಅವಳ ಜೊತೆ ಇರುವುದು ಅವಳು ಮುಟ್ಟದ ಹಕ್ಕಿ ಒಂದೇ ಎಂದು ನೀನು ಇಷ್ಟು ವರ್ಷ ಅಂದುಕೊಳ್ಳಲು ಬಿಟ್ಟೆ.

ಲೆನ್ಸಪ್ಪ ಪಡಸಾಲೆಯಲ್ಲಿ ಕೂತು ಗಡಿಯಾರ ನೋಡುತ್ತಿದ್ದಾರೆ. ಅತ್ತೆ ಮಗುವನ್ನು ಅವರ ತೊಡೆಯ ಮೇಲೆ ಹಾಕಿ, "ಹಣ್ಣು ತರದೆ ಬಂದೋರು ಇಷ್ಟಾದ್ರೂ ಮಾಡ್ಲಿ" ಅನ್ನುತ್ತಿದ್ದಾರೆ. ಈ ಪತ್ರವನ್ನೂ ಫೋಟೋವನ್ನೂ ಒಂದೇ ಲಕೋಟೆಯಲ್ಲಿ ಇಡುತ್ತಿದ್ದೇನೆ. ರೈಲು ರಾತ್ರಿ ಹತ್ತಕ್ಕೆ ತಲುಪುತ್ತದೆ. ಬೇರೆ ಯಾರ ಕೈಗೂ ಕೊಡದೆ ನಿನ್ನ ಕೋಣೆಯ ಬಾಗಿಲು ತಟ್ಟಿ ನಿನ್ನ ಕೈಗೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ನಾಳೆ ಹತ್ತಕ್ಕೆ ನೀನು ಎದ್ದುನಿಂತು ಏನು ಓದಬೇಕೋ ಅದು ನಿನಗೆ ಬಿಟ್ಟದ್ದು. ತಪ್ಪು ನನ್ನದು ಎಂದು ಮೇಡಂಗೆ ಬರೆದಿದ್ದೇನೆ, ಆ ಕಾಗದವೂ ಇದರಲ್ಲೇ ಇದೆ. ಕೆಲಸ ಹೋದರೆ ಹೋಗಲಿ. ನಾಲ್ಕು ಜನರ ಎದುರು ನೀನು "ತಡವಾಗಿ" ಅನ್ನುವ ಮಾತನ್ನು ಓದಿ, ಅದು ಅಚ್ಚಾಗಿ, ಇನ್ನೊಂದು ಏಳು ವರ್ಷ ನಿನ್ನೊಳಗೆ ಕೂರಬಾರದು, ಅಷ್ಟೇ.

ಇವತ್ತು ಫೋನಿನ ಸದ್ದು ತಗ್ಗಿಸುವುದಿಲ್ಲ. ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ, ಮಗಳು ಎದ್ದರೆ ಏಳಲಿ. ಬೈಯುವುದಿದ್ದರೆ ಬಯ್ಯಿ. ಅವಳು ಎಷ್ಟು ಹೊತ್ತು ಅಮ್ಮ ಎಂದಳು ಎಂದು ಕೇಳುವುದಿದ್ದರೆ ಕೇಳು, ಈ ಸಲ ಕಂಡದ್ದನ್ನು ಕಂಡ ಹಾಗೇ ಹೇಳುತ್ತೇನೆ. ಏನೂ ಮಾತಾಡದೆ ಕಿವಿಗೆ ಹಿಡಿದು ಕೂತರೂ ಸಾಕು, ನಾನು ಈ ಕಡೆ ಇರುತ್ತೇನೆ. ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡು ಅಕ್ಕ. ನಿನ್ನ ಕಾಲು ಹಿಡಿಯುತ್ತೇನೆ, ಬೆಳಗಾಗಲು ಬಿಡಬೇಡ.